ಕೊಣನೂರಿಗೆ ಹೊರಟ ಜುಟ್ಟುಹುಳಗಳು

ಮೊನ್ನೆ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ರಿಪೇರಿಯವನನ್ನು ಕರೆಸಿದ್ದೆ. ಆತ ಚೀಲ ಕೆಳಗಿಟ್ಟು, ನಲ್ಲಿಯ ಬಾಯಿಗೆ ನಾನು ಕಟ್ಟಿದ್ದ ಬಿಳಿಯ ಬಟ್ಟೆಯನ್ನು ಒಂದು ನಿಮಿಷ ದಿಟ್ಟಿಸಿ, "ಅಲ್ಲಾ ಕಣಮ್ಮಾ, ನಲ್ಲಿಗ್ಯಾಕೆ ಬ್ಯಾಂಡೇಜು? ಏಟ್ ಗೀಟ್ ಬಿದ್ದಿತ್ತಾ?" ಎಂದ. ಪಕ್ಕದ ಗೋಡೆಯ ಮೇಲೆ ನೀರು ಶುದ್ಧ ಮಾಡುವ ಯಂತ್ರ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಅಷ್ಟು ದುಡ್ಡು ಕೊಟ್ಟು ಅದನ್ನು ತಂದಮೇಲೂ ಈ ಬಟ್ಟೆ ಯಾಕೆ ಎಂದು ನನ್ನ ಯಜಮಾನರು ಕೇಳಿ ಕೇಳಿ ಬೇಸತ್ತು ಸುಮ್ಮನಾಗಿದ್ದಾರೆ. ಆತನಿಗೂ ನಾನು, "ಅಭ್ಯಾಸ ಕಣಪ್ಪ" ಎಂದಷ್ಟೇ ಹೇಳಿದೆ.

ಅಭ್ಯಾಸ ಎನ್ನುವುದು ಬಲು ಅನುಕೂಲದ ಮಾತು. ಹೇಳಲಾಗದ್ದನ್ನೆಲ್ಲ ಅದರೊಳಗೆ ತುರುಕಿಬಿಡಬಹುದು. ಆತ ನಲ್ಲಿ ಬಿಚ್ಚುತ್ತಾ ಕೂತಾಗ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತ ನನಗೆ ಚನ್ನರಾಯಪಟ್ಟಣದ ನಮ್ಮ ಮನೆಯ ಹಿತ್ತಲ ಬಾವಿ ನೆನಪಾಯಿತು. ನಿಮಗೂ ಪುರುಸೊತ್ತಿದ್ದರೆ ಕೇಳಿ. ಇದು ಹುಳುಗಳ ಕಥೆ, ಅಸಹ್ಯಪಡುವಂಥದ್ದೇನಿಲ್ಲ.

ನಮ್ಮದು ಜೈನರ ಮನೆ. ಅಪ್ಪನದು ಪೇಟೆಯಲ್ಲಿ ಪಾತ್ರೆ ಅಂಗಡಿ. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಗುಂಡಿ, ಚೊಂಬು ಇವುಗಳ ನಡುವೆಯೇ ನಾನು ಹುಟ್ಟಿ ಬೆಳೆದದ್ದು. ಆದರೆ ಮನೆಯ ಯಜಮಾನಿಕೆ ಅಪ್ಪನದಲ್ಲ, ಅಜ್ಜಿಯದು. ಅಜ್ಜಿಯ ಬಳಿ ಎರಡು ಬಟ್ಟೆ ತುಂಡುಗಳಿದ್ದವು. ಒಂದು ನೀರು ಸೋಸುವುದಕ್ಕೆ, ಇನ್ನೊಂದು ಕಾಫಿ ಸೋಸುವುದಕ್ಕೆ. ಒಂದು ಪುಣ್ಯಕ್ಕೆ, ಇನ್ನೊಂದು ನಾಲಗೆಗೆ ಎಂದು ಅಪ್ಪ ನಗುತ್ತಿದ್ದರು. ಎರಡರಲ್ಲಿ ಯಾವುದರ ಮೇಲೆ ಅಜ್ಜಿಗೆ ಪ್ರೀತಿ ಹೆಚ್ಚೆಂದು ಹೇಳುವುದು ಕಷ್ಟ. ಮಧ್ಯಾಹ್ನ ಮೂರು ಗಂಟೆಯ ಕಾಫಿ ಹತ್ತು ನಿಮಿಷ ತಡವಾದರೆ ಆಕೆಯ ಅಹಿಂಸಾವ್ರತ ಅಲ್ಲಾಡುತ್ತಿತ್ತು.

ನೀರು ಸೋಸುವುದು ಮಾತ್ರ ದೊಡ್ಡ ಕಾರ್ಯ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯನ್ನು ಮಡಿಸಿ ಅದರ ಮೂಲಕ ಹಂಡೆಗೆ ಸುರಿಯಬೇಕು. ಅಲ್ಲಿಗೆ ಮುಗಿಯಲಿಲ್ಲ. ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವಲ್ಲ, ಅವುಗಳನ್ನು ಬಟ್ಟೆ ತಿರುವಿ ಹಾಕಿ, ಸೋಸಿದ ನೀರಲ್ಲೇ ಜಾಲಿಸಿ, ಆ ನೀರನ್ನು ತಿರುಗಿ ಬಾವಿಗೇ ಬಿಡಬೇಕು. ಮೇಲಿನಿಂದ ಎರಚಿದರೆ ಅವಕ್ಕೆ ಪೆಟ್ಟು ಬೀಳುತ್ತದೆ. ಬಕೀಟಿನಲ್ಲಿಟ್ಟು ನೀರು ಮುಟ್ಟುವತನಕ ಇಳಿಸಿ, ಮೆಲ್ಲಗೆ ಬಗ್ಗಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿತ್ತು. ಯಾವ ನೀರಿನ ಜೀವವೋ ಆ ನೀರಿಗೇ ಬಿಡಬೇಕು. ಬಾವಿಯದು ಬಾವಿಗೆ, ಕೆರೆಯದು ಕೆರೆಗೆ. "ನಿನ್ನ ಕರ್ಕೊಂಡೋಗಿ ಶ್ರವಣಬೆಳಗೊಳದಲ್ಲಿ ಯಾರದೋ ಮನೇಲಿ ಬಿಟ್ರೆ ಸುಮ್ನಿರ್ತೀಯಾ? ಅವಕ್ಕೂ ಹಂಗೇ ಕಣೇ" ಎಂದು ಅಜ್ಜಿ ನನಗೆ ಹೇಳಿಕೊಟ್ಟಿದ್ದಳು. ಬೆಳಗೊಳದಲ್ಲಿ ನಮ್ಮತ್ತೆಯ ಮನೆಯಿತ್ತು, ಅಲ್ಲಿ ದಿನಾ ಸಿಹಿ ಮಾಡುತ್ತಿದ್ದರು. ನನ್ನನ್ನು ಬಿಟ್ಟರೆ ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದೆ.

ತಪ್ಪಿ ಒಂದು ಜೀವ ಸತ್ತರೆ ಅಜ್ಜಿ ತನಗೆ ಇಷ್ಟವಾದ ಏನನ್ನಾದರೂ ಬಿಡುತ್ತಿದ್ದಳು. ಒಮ್ಮೆ ಹಿತ್ತಲ ಬಾಗಿಲ ಸಂದಿಗೆ ಸಿಕ್ಕಿ ಕಪ್ಪೆಯೊಂದು ಸತ್ತಿತು. ಆ ಬೇಸಿಗೆಯೆಲ್ಲ ಮಾವಿನಹಣ್ಣಿನ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಸುಮ್ಮನೆ ಬೇಡ ಎನ್ನುವಳು, ಕಾರಣವನ್ನು ನಾವೇ ಹುಡುಕಿಕೊಳ್ಳಬೇಕಾಗಿತ್ತು.

ಇಂಥ ಮನೆಗೆ ಮೀನು ಬಂದದ್ದು ಹೇಗೆ ಎಂದರೆ, ಸರ್ಕಾರದಿಂದ. ಅರವತ್ತರ ದಶಕದ ಮೊದಮೊದಲು. ಮಲೇರಿಯಾ ಇನ್ಸ್‌ಪೆಕ್ಟರ್ ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಬಂದು, ಊರಿನ ಬಾವಿಗಳಿಗೆಲ್ಲ ಪುಟ್ಟ ಪುಟ್ಟ ಮೀನು ಬಿಡುತ್ತಾ ಹೋದರು. ನಮ್ಮ ಬಾವಿಗೂ ಒಂದು ಬೊಗಸೆ ಬಿತ್ತು. ಸಂಜೆ ಅಪ್ಪ ಬಂದು, ಆ ಮೀನು ಸೊಳ್ಳೆಯ ಮರಿಗಳನ್ನು ತಿನ್ನುತ್ತದಂತೆ ಎಂದು ವಿವರಿಸಿದ್ದೇ ತಪ್ಪಾಯಿತು.

"ಏನಂದೆ? ನಮ್ಮ ಬಾವೀಲಿ ಕೂತು ಮರಿಗಳನ್ನ ತಿನ್ನತ್ತಾ? ಅದಕ್ಕೆ ನಾವು ನೀರು ಕೊಟ್ಟು ಸಾಕಬೇಕಾ? ತೆಗೀರಿ ಈಗ್ಲೇ" ಎಂದಳು ಅಜ್ಜಿ.

ಬಾವಿಯಿಂದ ಮೀನು ತೆಗೆಯುವ ಕೆಲಸ ಧರಣಿ ಚಿಕ್ಕಪ್ಪನ ಪಾಲಿಗೆ ಬಂತು. ಧರಣಿ ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ಹಾಸನದಲ್ಲಿ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಓದುತ್ತಿದ್ದ, ಶನಿವಾರ ಭಾನುವಾರ ಮನೆಗೆ ಬರುತ್ತಿದ್ದ. ಜೈನರ ಮನೆಯ ಹುಡುಗ ಕಪ್ಪೆ ಕೊಯ್ಯುವ ವಿದ್ಯೆ ಕಲಿಯುವುದೇ ಎಂದು ಮೊದಲೇ ಗಲಾಟೆಯಾಗಿತ್ತು. ಬೇರೆಯವರು ಕೊಯ್ಯುವುದನ್ನು ನೋಡಿ ಬರೆದುಕೊಳ್ಳುತ್ತೇನೆ ಅಷ್ಟೆ ಎಂದು ಆತ ಅಜ್ಜಿಗೆ ಮಾತು ಕೊಟ್ಟಿದ್ದ. ಚಿಕ್ಕಪ್ಪ ಎರಡು ದಿನ ಬಾವಿಗಿಳಿದು ಸೊಳ್ಳೆಪರದೆಯಲ್ಲಿ ಮೀನು ಹಿಡಿದ. ಹಿಡಿದದ್ದನ್ನು ಎಲ್ಲಿ ಬಿಡುವುದು? ಎಲ್ಲಿ ಬಿಟ್ಟರೂ ಅವು ಸೊಳ್ಳೆಮರಿ ತಿನ್ನುತ್ತವೆ. ಕೊನೆಗೆ ಅಪ್ಪನ ಅಂಗಡಿಯ ಹಳೆಯ ಗಾಜಿನ ಕಪಾಟು ಬಿಚ್ಚಿ, ಕಲಾಯಿ ಹಾಕುವ ಸಾಬರಿಂದ ತಗಡಿನ ಚೌಕಟ್ಟು ಮಾಡಿಸಿ, ಸಂದಿಗೆ ಟಾರು ಮೆತ್ತಿ, ನಡುಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ತೊಟ್ಟಿ ಇಟ್ಟರು. ಮೊದಲ ವಾರ ಅದು ಎಷ್ಟು ಸೋರಿತೆಂದರೆ, ಕೆಳಗೆ ಹರಡಿದ್ದ ನನ್ನ ಮಗ್ಗಿಪುಸ್ತಕ ಏಳನೇ ಮಗ್ಗಿಯವರೆಗೆ ನೆಂದುಹೋಯಿತು. ನನಗೆ ಇವತ್ತಿಗೂ ಏಳರ ಮಗ್ಗಿ ಬಾರದಿರುವುದಕ್ಕೆ ಅದೇ ಕಾರಣ ಎಂದು ಹೇಳಿಕೊಂಡಿದ್ದೇನೆ.

ಅಜ್ಜಿ ಮೀನುಗಳಿಗೆ ಹುರಿದ ರಾಗಿಹಿಟ್ಟು, ಅನ್ನದ ಅಗುಳು ಹಾಕಿ ಒಂದೇ ತಿಂಗಳಲ್ಲಿ ಅವುಗಳನ್ನು ನಮ್ಮ ಮತಕ್ಕೆ ಸೇರಿಸಿಬಿಟ್ಟಳು. ಸೂರ್ಯ ಮುಳುಗಿದ ಮೇಲೆ ನಮಗೂ ಊಟವಿಲ್ಲ, ಅವಕ್ಕೂ ಇಲ್ಲ. ಬಂದವರಿಗೆಲ್ಲ, "ನಮ್ಮನೆ ಮೀನು ಮಾಂಸ ಮುಟ್ಟಲ್ಲ" ಎಂದು ಹೇಳುತ್ತಿದ್ದಳು. ಅವುಗಳಲ್ಲಿ ಒಂದು ಹೆಣ್ಣು ಸದಾ ಹೊಟ್ಟೆ ಉಬ್ಬಿಸಿಕೊಂಡೇ ಇರುತ್ತಿತ್ತು. ಅದಕ್ಕೆ ನಾವು ಬಸುರಿ ಎಂದೇ ಹೆಸರಿಟ್ಟೆವು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಜಾತಿ. ರೆಪ್ಪೆಗೂದಲಿನಷ್ಟು ಉದ್ದದ, ಎರಡು ಕಣ್ಣು ಬಿಟ್ಟರೆ ಬೇರೇನೂ ಇಲ್ಲದ ಮರಿಗಳು. ಆ ಮರಿಗಳು ನನ್ನವು ಎಂದು ಅಜ್ಜಿ ಬರೆದುಕೊಟ್ಟ ಹಾಗೆ ಹೇಳಿದ್ದಳು. ನನಗೆ ಆಗ ಹತ್ತು ವರ್ಷ. ನನ್ನದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಇದ್ದದ್ದು ಅವಷ್ಟೇ.

ಮರಿಗಳ ಒಡತಿಗೆ ಕೆಲಸವೂ ಬಂತು. ಎರಡು ದಿನಕ್ಕೊಮ್ಮೆ ತೊಟ್ಟಿಯ ನೀರು ಅರ್ಧ ತೆಗೆದು, ಹೊಸ ನೀರು ಹಾಕಬೇಕು. "ಸೋಸಿ ಹಾಕು, ಇಲ್ದಿದ್ರೆ ನೀರಲ್ಲಿರೋ ಸಣ್ಣ ಜೀವಾನೆಲ್ಲ ತಿಂದ್ಬಿಡ್ತಾವೆ" ಎಂದು ಅಜ್ಜಿ ಹೇಳಿದ್ದಳು. ಮೊದಲೆರಡು ಸಲ ಸೋಸಿದೆ. ಆಮೇಲೆ ಕುಂಟೆಬಿಲ್ಲೆಗೆ ಹೊತ್ತಾಗುತ್ತಿತ್ತು. ಬಕೀಟಿನಿಂದ ನೇರವಾಗಿ ಸುರಿಯತೊಡಗಿದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ನನಗೆ ಅದು ಗೊತ್ತಿತ್ತು.

ಆ ದಿನಗಳಲ್ಲೇ ಚಿಕ್ಕಪ್ಪ ಕೊಣನೂರಿನ ತನ್ನ ಗೆಳೆಯನ ಮನೆಗೆ ಹೋಗಿದ್ದವನು, ಅಲ್ಲಿ ಕಾವೇರಿ ಹೊಳೆಯ ಮಡುವಿನಿಂದ ಒಂದು ಹಿಡಿ ನೀರುಗಿಡ ಕಿತ್ತು ತಂದ. ಮೀನಿಗೆ ನೆರಳಾಗುತ್ತದೆ, ಮರಿಗಳು ಬಚ್ಚಿಟ್ಟುಕೊಳ್ಳುತ್ತವೆ ಎಂದ. ತೊಟ್ಟಿ ಹಸಿರಾಗಿ ಚೆಂದ ಕಂಡಿತು. ಹದಿನೈದು ದಿನದ ಮೇಲೆ ಗಾಜಿನ ಒಳಮೈಗೆ ಏನೋ ಅಂಟಿಕೊಂಡದ್ದನ್ನು ನಾನೇ ಮೊದಲು ನೋಡಿದೆ. ನೂಲಿನ ತುಂಡಿನಷ್ಟು ಗಾತ್ರ, ತುದಿಯಲ್ಲಿ ಆರೇಳು ಎಳೆಗಳ ಜುಟ್ಟು. ಜುಟ್ಟು ಮೆಲ್ಲಗೆ ಅಲುಗುತ್ತಿತ್ತು, ಮುಟ್ಟಿದರೆ ಚುಕ್ಕಿಯಾಗಿ ಮುದುಡುತ್ತಿತ್ತು. ನಾನು ಅದಕ್ಕೆ ಜುಟ್ಟುಹುಳ ಎಂದು ಹೆಸರಿಟ್ಟೆ. ಚಿಕ್ಕಪ್ಪ ಭೂತಗನ್ನಡಿ ತಂದು ನೋಡಿ ಕುಣಿದಾಡಿದ. "ಹೈಡ್ರಾ ಕಣೇ! ಕಾಲೇಜಲ್ಲಿ ಬಾಟಲೀಲಿಟ್ಟು ತೋರಿಸ್ತಾರೆ, ಸತ್ತಿರೋದು. ನಮ್ಮನೇಲಿ ಜೀವಂತ!"

ಅಜ್ಜಿಯೂ ಭೂತಗನ್ನಡಿ ಹಿಡಿದು ನೋಡಿದಳು. ಪೊರೆಗಣ್ಣಿಗೂ ಗಾಜಿಗೂ ನಡುವೆ ಆ ಕನ್ನಡಿಯನ್ನು ಹಿಂದೆ ಮುಂದೆ ಸರಿಸಿ, ಸಿಕ್ಕ ಮೇಲೆ ಬಹಳ ಹೊತ್ತು ಬಿಡಲಿಲ್ಲ.

"ಎಷ್ಟು ಇಂದ್ರಿಯದ್ದೋ ಧರಣಿ ಇದು?" ನಮ್ಮಲ್ಲಿ ಜೀವಗಳನ್ನು ಅಳೆಯುವುದು ಇಂದ್ರಿಯಗಳ ಲೆಕ್ಕದಲ್ಲಿ.

"ನರ ಇದೆಯಮ್ಮ. ಮಿದುಳು ಮಾತ್ರ ಇಲ್ಲ."

"ಮಿದುಳಿಲ್ದೋರು ಎಷ್ಟು ಜನ ಊರಲ್ಲಿ ಚೆನ್ನಾಗಿಲ್ಲ ಬಿಡು" ಎಂದಳು ಅಜ್ಜಿ. ಅಂದಿನಿಂದ ಮಧ್ಯಾಹ್ನದ ಕಾಫಿಯ ಲೋಟ ಹಿಡಿದು ತೊಟ್ಟಿಯ ಮುಂದೆ ಕೂತು ಜುಟ್ಟುಹುಳ ನೋಡುವುದು ಆಕೆಯ ದಿನಚರಿಯಾಯಿತು.

ಚೆಂದ ಮುಗಿದದ್ದು ಬಸುರಿ ಮತ್ತೆ ಮರಿ ಹಾಕಿದ ದಿನ. ಬೆಳಿಗ್ಗೆ ಹದಿನೆಂಟು ಎಣಿಸಿ ಶಾಲೆಗೆ ಹೋದೆ. ಸಂಜೆ ಬಂದಾಗ ಹತ್ತೂ ಇರಲಿಲ್ಲ. ಭೂತಗನ್ನಡಿ ಹಿಡಿದರೆ, ಒಂದು ಜುಟ್ಟುಹುಳದ ಎಳೆಗಳ ನಡುವೆ ನನ್ನ ಮರಿಯ ಎರಡು ಕಣ್ಣುಗಳು ಕಂಡವು. ನಾನು ಮನೆ ಹಾರಿಹೋಗುವ ಹಾಗೆ ಅತ್ತೆ. ಚಿಕ್ಕಪ್ಪ ರೋಷದಿಂದ ಗಡ್ಡ ಕೆರೆಯುವ ಬ್ಲೇಡು ತಂದು ಗಾಜನ್ನು ಕೆರೆದ. ಅಜ್ಜಿ, "ಅಯ್ಯೋ ಪಾಪಿ, ಬಿಡೋ!" ಎಂದು ಕೂಗುವಷ್ಟರಲ್ಲಿ ಹತ್ತು ಹುಳಗಳು ತುಂಡಾಗಿದ್ದವು. ನಾಲ್ಕು ದಿನಕ್ಕೆ ಪ್ರತಿ ತುಂಡಿಗೂ ಜುಟ್ಟು ಬಂದು ಹತ್ತು ಇದ್ದದ್ದು ಮೂವತ್ತಾಯಿತು. "ರಕ್ತಬೀಜಾಸುರನ ವಂಶ" ಎಂದು ಅಮ್ಮ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು. ಚಿಕ್ಕಪ್ಪ ತಲೆ ಕೆರೆದುಕೊಂಡು, ಕತ್ತರಿಸಿದರೆ ಹೆಚ್ಚುತ್ತವೆ ಎಂದು ಪುಸ್ತಕದಲ್ಲಿ ಇದ್ದದ್ದು ಹೌದು ಎಂದ. ಪುಸ್ತಕದ ವಿಷಯ ಆತನಿಗೆ ಯಾವಾಗಲೂ ಆಮೇಲೆಯೇ ನೆನಪಾಗುತ್ತಿತ್ತು.

ಕೊಲ್ಲುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಆಗ ಅಜ್ಜಿ ದಾರಿ ಹೇಳಿದಳು. ಇಂಕ್ ಫಿಲ್ಲರಿನಿಂದ ಒಂದೊಂದನ್ನೇ ಹೀರಿ ಗಾಜಿನ ಲೋಟಕ್ಕೆ ಬಿಡುವುದು. ಅದು ನನ್ನ ಕೆಲಸ. ಲೋಟವನ್ನು ಏನು ಮಾಡಬೇಕೋ ಅದು ಅಜ್ಜಿಯ ಕೆಲಸ. ದಿನಾ ಸಂಜೆ ಶಾಲೆಯಿಂದ ಬಂದವಳು ಕುಂಟೆಬಿಲ್ಲೆ ಬಿಟ್ಟು ಫಿಲ್ಲರ್ ಹಿಡಿದು ಕೂರುತ್ತಿದ್ದೆ. ಬೆನ್ನು ಬಿದ್ದುಹೋಗುತ್ತಿತ್ತು. ವಾರದಲ್ಲಿ ತೊಟ್ಟಿ ಚೊಕ್ಕವಾಗುವುದು, ಇನ್ನೊಂದು ವಾರದಲ್ಲಿ ಅಷ್ಟೇ ಹುಳಗಳು ಮತ್ತೆ ಜುಟ್ಟು ಬಿಟ್ಟುಕೊಂಡು ಕೂತಿರುವುದು. ಬಸುರಿ ಇನ್ನೆರಡು ಸಲ ಮರಿ ಹಾಕಿದಳು. ಒಂದೂ ಉಳಿಯಲಿಲ್ಲ. ಮೂರು ತಿಂಗಳು ಹೀಗೇ ನಡೆಯಿತು.

ಒಂದು ಭಾನುವಾರ ಚಿಕ್ಕಪ್ಪ ಹಿತ್ತಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ. ಅಜ್ಜಿ ಲೋಟ ತಂದು, ಅದನ್ನು ಬಕೀಟಿಗೆ ಬಗ್ಗಿಸಿ, ಬಕೀಟನ್ನು ಬಾವಿಗೆ ಇಳಿಸಿ, ಮೆಲ್ಲಗೆ ಓರೆ ಮಾಡಿ, ಕೈಮುಗಿದು ಒಳಗೆ ಹೋದಳು. ಹಗ್ಗ ಇನ್ನೂ ಅಲ್ಲಾಡುತ್ತಿರುವಾಗಲೇ ನಾನು ಬಂದು ಅದೇ ಬಕೀಟನ್ನು ಇಳಿಸಿ ತೊಟ್ಟಿಗೆ ನೀರು ಸೇದಿದೆ. ಚಿಕ್ಕಪ್ಪನ ಬಾಯಲ್ಲಿದ್ದ ಇದ್ದಿಲು ಪುಡಿ ಹೊರಕ್ಕೆ ಬಂತು.

"ಅಮ್ಮಾ! ನೀನು ಬಿಡ್ತಿದೀಯ, ಇವಳು ಸೇದ್ತಿದಾಳೆ! ಮೂರು ತಿಂಗಳಿಂದ ಅವು ಬಾವಿಗೂ ತೊಟ್ಟಿಗೂ ಓಡಾಡ್ಕೊಂಡಿದಾವೆ!"

ಅಜ್ಜಿ ಹೊರಗೆ ಬಂದಳು. ಚಿಕ್ಕಪ್ಪ ಹೇಳಿದ್ದನ್ನೆಲ್ಲ ಕೇಳಿ, ನನ್ನ ಕಡೆ ತಿರುಗಿ, "ಸೋಸಿ ಹಾಕ್ತಿದ್ದೆ ಅಲ್ವೇನೇ ಪದ್ದಿ?" ಎಂದಳು.

ನಾನು ನನ್ನ ಕಾಲ ಹೆಬ್ಬೆರಳು ನೋಡಿದೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ನನಗೂ ಅತ್ತು ಹಗುರಾಗುತ್ತಿತ್ತು. "ಆಗ್ಲಿ, ಇನ್ಮೇಲೆ ನಾನೇ ಸೋಸಿ ಕೊಡ್ತೀನಿ" ಎಂದಷ್ಟೇ ಅಂದಳು. ಎಪ್ಪತ್ತು ದಾಟಿದವಳು, ಸೊಂಟ ನೋವಿನವಳು. ನನಗೆ ತುಂಬಾ ನಾಚಿಕೆಯಾಯಿತು.

ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಚಿಕ್ಕಪ್ಪನಿಗೆ ಸುಮ್ಮನಿರಲು ಬರಬೇಕಲ್ಲ. ಹುಳಗಳು ಮೊದಲು ಬಂದದ್ದು ಎಲ್ಲಿಂದ ಎಂದು ಯೋಚಿಸಿ, ಕೊಣನೂರಿನ ಹೊಳೆಯ ಗಿಡದ ಜೊತೆಗೇ ಬಂದಿರಬೇಕು ಎಂದು ದೊಡ್ಡದಾಗಿ ಹೇಳಿದ. ಅಜ್ಜಿ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು.

"ಹೊಳೆಯವಾ ಅವು? ಬಾವಿಯವಲ್ವಾ? ಮೂರು ತಿಂಗಳಿಂದ ಹೊಳೆ ಜೀವಾನ ಬಾವಿಗೆ ಹಾಕ್ತಿದೀನೇನೋ ನಾನು?"

"ಅದಕ್ಕೇನಾಯ್ತಮ್ಮ? ನೀರು ನೀರೇ ತಾನೇ?"

"ನೀನು ಓದಿರೋದು ಇಷ್ಟೇನಾ?" ಎಂದಳು ಅಜ್ಜಿ. ಬಾವಿಯೊಳಗೆ ಬಗ್ಗಿ ನೋಡಿ, "ಬಾವೀಲಿರೋವನ್ನ ಹಿಡಿಯೋಕೆ ನಮ್ಮ ಕೈಲಾಗಲ್ಲ. ಅವು ಇಲ್ಲೇ ಬಾಳ್ಕೊಳ್ಳಲಿ, ಆ ಪಾಪ ನಂದು. ತೊಟ್ಟೀಲಿರೋವನ್ನ ಮಾತ್ರ ಅವುಗಳ ಮನೆಗೇ ಮುಟ್ಟಿಸ್ಬೇಕು. ಬರೋ ವಾರ ಕೊಣನೂರಿಗೆ ಹೋಗೋಣ" ಎಂದಳು.

ಅಪ್ಪ ಬೇಡ ಎಂದರು, ಅಮ್ಮ ನಕ್ಕಳು, ಚಿಕ್ಕಪ್ಪ ತಾನೊಬ್ಬನೇ ಹೋಗಿ ಬಿಟ್ಟುಬರುತ್ತೇನೆ ಎಂದ. ದಾರಿಯಲ್ಲಿ ಯಾವುದಾದರೂ ಚರಂಡಿಗೆ ಸುರಿದು ಸಿನಿಮಾ ನೋಡಿಕೊಂಡು ಬರುತ್ತಾನೆಂದು ಅಜ್ಜಿಗೆ ಗೊತ್ತಿತ್ತು. ಮೂರು ದಿನ ನಾನು ಫಿಲ್ಲರ್ ಬಿಡಲಿಲ್ಲ. ಗಾಜು, ಗಿಡ, ತಳದ ಕಲ್ಲು ಎಲ್ಲ ಜಾಲಾಡಿ ಅರವತ್ತನಾಲ್ಕು ಹುಳಗಳನ್ನು ಲೋಟಕ್ಕೆ ಬಿಟ್ಟೆ. ಹೊರಡುವ ಬೆಳಿಗ್ಗೆ ನೋಡಿದರೆ ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ತನ್ನ ಸ್ವಂತ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನೀರಿಡುವ ತಾಮ್ರವಾದ್ದರಿಂದ ಒಳಗೆ ಕಲಾಯಿ ಇರಲಿಲ್ಲ. ಒಳಗೂ ಹೊರಗೂ ಮದುವಣಗಿತ್ತಿಯ ಹಾಗೆ ಹೊಳೆಯಿತು. "ಗಾಜಿನ ಲೋಟ ಬಸ್ಸಲ್ಲಿ ಒಡೆದೋದ್ರೆ? ಊರಿಗೆ ಕಳಿಸೋವಾಗ ಒಳ್ಳೆ ಪಾತ್ರೇಲೇ ಕಳಿಸ್ಬೇಕು" ಎಂದು, ಹುಳಗಳನ್ನು ಅದಕ್ಕೆ ಬಗ್ಗಿಸಿ, ಬಾಯಿಗೆ ಬಿಳಿಯ ಬಟ್ಟೆ ಕಟ್ಟಿದಳು.

ಹೊಳೆನರಸೀಪುರದವರೆಗೆ ಒಂದು ಬಸ್ಸು, ಅಲ್ಲಿಂದ ಅರಕಲಗೂಡಿಗೆ ಇನ್ನೊಂದು, ಅಲ್ಲಿಂದ ಕೊಣನೂರಿಗೆ ಮತ್ತೊಂದು. ಎರಡನೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಬಿಳಿ ಸೀರೆಯುಟ್ಟು, ಬಟ್ಟೆ ಕಟ್ಟಿದ ಚೊಂಬನ್ನು ಎದೆಗವಚಿಕೊಂಡು ನಿಂತದ್ದನ್ನು ನೋಡಿ, ಹಳೇಕೋಟೆ ಕಡೆಯ ಒಬ್ಬ ಹೆಂಗಸು ಎದ್ದು ಜಾಗ ಬಿಟ್ಟಳು. ಆಮೇಲೆ ಚೊಂಬಿಗೊಮ್ಮೆ ಕೈಮುಗಿದಳು.

"ಯಾರವ್ವಾ ಓಗ್ಬುಟ್ಟೋರು? ಯಜಮಾನ್ರಾ?"

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಇಲ್ಲಮ್ಮ, ಯಾರೂ ಹೋಗಿಲ್ಲ. ಒಳಗಿರೋರೆಲ್ಲ ಬದುಕಿದಾರೆ."

ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. "ಏನವ್ವಾ ಅಂಗಂದ್ರೆ? ಚೊಂಬೊಳ್ಗೆ ಯಾರವ್ರೆ?"

"ಅರವತ್ತನಾಲ್ಕು ಜನ" ಎಂದೆ ನಾನು, ಸಹಾಯ ಮಾಡುವ ಆಸೆಯಿಂದ.

"ಸಿವನೇ! ಒಳೆಗೆ ಬುಟ್ಬುಟ್ಟು ತಿರುಗಿ ನೋಡ್ದೆ ಬಂದ್ಬುಡಿ ಕಣ್ರವ್ವಾ" ಎಂದು ಆಕೆ ಕಂಡಕ್ಟರನ್ನು ಕೂಗಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು. ಆಕೆಯ ಊರು ಅದಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ, ಈ ಅಜ್ಜಿ ಮೊಮ್ಮಗಳು ತನಗೆ ಯಾರೂ ಅಲ್ಲ ಎಂಬಂತೆ ನಿಂತಿದ್ದ. ಸುತ್ತ ಎಲ್ಲರೂ ಒತ್ತರಿಸಿಕೊಂಡು ನಮಗೆ ಧಾರಾಳವಾಗಿ ಜಾಗ ಮಾಡಿಕೊಟ್ಟರು.

ಕೊಣನೂರು ತಲುಪುವಾಗ ಹೊತ್ತು ನೆತ್ತಿಗೇರಿತ್ತು. ಅಂದು ಸಂತೆಯ ದಿನ. ಚಿಕ್ಕಪ್ಪ ವಾಪಸ್ ಬಸ್ಸಿನ ಹೊತ್ತು ವಿಚಾರಿಸಲು ಹಿಂದುಳಿದ. ಅಜ್ಜಿ, ನಾನು ಇಬ್ಬರೇ ಹೊಳೆಗೆ ಇಳಿದೆವು. ನೀರು ಕಡಿಮೆಯಿತ್ತು, ಬಂಡೆಗಳ ನಡುವೆ ತಿಳಿಯಾಗಿ ಹರಿಯುತ್ತಿತ್ತು. ಅಜ್ಜಿ ಮೊಣಕಾಲವರೆಗೆ ನೀರಲ್ಲಿ ನಿಂತು ಬಟ್ಟೆ ಬಿಚ್ಚಿದಳು. ಬಿಸಿಲು ಹೊಳೆಯ ಮೇಲೆ ಬಿದ್ದು ಆಕೆಯ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ನೀನು ನೋಡೇ ಪದ್ದಿ. ಚೆನ್ನಾಗಿದಾವಾ?"

ನಾನು ಚೊಂಬಿನೊಳಗೆ ಭೂತಗನ್ನಡಿ ಹಿಡಿದೆ. ತಿಕ್ಕಿದ ತಾಮ್ರದ ತಳದ ಮೇಲೆ ಗಂಜಿಯ ಲೋಳೆಯಂಥದ್ದೇನೋ ಬಿಳಿಯಾಗಿ ಕೂತಿತ್ತು. ಒಂದಕ್ಕೂ ಜುಟ್ಟಿರಲಿಲ್ಲ. ಬೆರಳಿನಿಂದ ಮುಟ್ಟಿದೆ. ಮುದುಡಲಿಲ್ಲ, ಕರಗಿಹೋಯಿತು. ನನ್ನ ಮರಿಗಳನ್ನು ತಿಂದವುಗಳು ಸತ್ತಿದ್ದವು, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತಲೆಯೆತ್ತಿ ಅಜ್ಜಿಯ ಮುಖ ನೋಡಿದೆ. ಮೂರು ಬಸ್ಸು ಹತ್ತಿಳಿದು, ಸೊಂಟ ಹಿಡಿದುಕೊಂಡು, ಉತ್ತರಕ್ಕಾಗಿ ಕಾಯುತ್ತಾ ನಿಂತಿದ್ದಳು.

"ಚೆನ್ನಾಗಿದಾವೆ ಅಜ್ಜಿ" ಎಂದೆ.

ಅಜ್ಜಿ ಚೊಂಬನ್ನು ನೀರಿಗೆ ತಾಗಿಸಿ ಮೆಲ್ಲಗೆ ಓರೆ ಮಾಡಿದಳು. "ಹೋದ್ವಾ?"

"ಹೂಂ ಅಜ್ಜಿ, ಎಲ್ಲಾ ಓಡಿಹೋದ್ವು. ಬಂಡೆ ಸಂದೀಗೆ ಓಡಿಹೋದ್ವು."

ಅಜ್ಜಿ ಹೊಳೆಗೆ ಕೈಮುಗಿದು, ಚೊಂಬನ್ನು ಸೆರಗಿನಿಂದ ಒರೆಸಿ, ನನ್ನ ಕೈ ಹಿಡಿದುಕೊಂಡು ಮೇಲೆ ಹತ್ತಿದಳು.

ಹಿಂತಿರುಗುವಾಗ ಅರಕಲಗೂಡಿನಲ್ಲಿ ಚಿಕ್ಕಪ್ಪ ಬಾಳೆಹಣ್ಣು ಕೊಂಡ. ಹೋಟೆಲಿನಿಂದ ಕಾಫಿಯ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಅಜ್ಜಿ ಹೋಟೆಲಿನ ಕಾಫಿ ಕುಡಿಯುವವಳಲ್ಲ, ಆದರೆ ಬಾಳೆಹಣ್ಣಿಗೇನು ಮೈಲಿಗೆ? "ಹೊತ್ತು ಮುಳುಗೋಕೆ ಇನ್ನೂ ಬೇಕಾದಷ್ಟು ಟೈಮಿದೆ, ತಿನ್ನಮ್ಮ" ಎಂದು ಚಿಕ್ಕಪ್ಪ ಹೇಳಿದರೂ ಮುಟ್ಟಲಿಲ್ಲ. ಮಾರನೆಯ ದಿನವೂ ಉಪವಾಸ ಮಾಡಿದಳು. ಮೂರನೆಯ ದಿನ ಅಮ್ಮ ಕಾಫಿ ತಂದಿಟ್ಟರೆ, "ಬೇಡ, ಪಿತ್ತ" ಎಂದಳು. ಕಾಫಿ ಸೋಸುವ ಬಟ್ಟೆಯನ್ನು ಒಗೆದು ಮಡಿಸಿ ಅಮ್ಮನ ಕೈಗೆ ಕೊಟ್ಟುಬಿಟ್ಟಳು. ಅಕ್ಕಪಕ್ಕದವರು ಕೇಳಿದರೆ, "ಅವನ್ನ ಹೊಳೆಗೆ ಬಿಟ್ಟು ಬಂದ್ವಿ, ನಮ್ಮ ಪದ್ದಿ ಎಲ್ಲಾನೂ ನೋಡ್ಕೊಂಡ್ಳು" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಎದ್ದು ಬೇರೆ ಕಡೆ ಹೋಗುತ್ತಿದ್ದೆ.

ಹೊಳೆಯಲ್ಲಿ ನಡೆದದ್ದನ್ನು ನಾನು ಹೇಳಿದ್ದು ಚಿಕ್ಕಪ್ಪನಿಗೆ ಮಾತ್ರ. ಆತ ಹಣೆ ಚಚ್ಚಿಕೊಂಡ. "ತಾಮ್ರ ಕಣೇ! ತಾಮ್ರದ ನೀರಲ್ಲಿ ಅವು ಬದುಕಲ್ಲ. ಪರೀಕ್ಷೇಲಿ ಬಂದಿತ್ತು, ಆ ಪ್ರಶ್ನೆ ನಾನು ಚಾಯ್ಸಲ್ಲಿ ಬಿಟ್ಟಿದ್ದೆ." ಮತ್ತೆ ಅತ್ತಿತ್ತ ನೋಡಿ, "ಅಮ್ಮನಿಗೆ ಹೇಳ್ಬೇಡ. ಪಾತ್ರೆ ಅಂಗಡಿಯೋರ ಮನೇಲಿ ತಾಮ್ರದಿಂದ ಜೀವ ಹೋಯ್ತು ಅಂದ್ರೆ ಅಂಗಡೀನೇ ಮುಚ್ಚಿಸ್ಬಿಡ್ತಾಳೆ" ಎಂದ. ನಾವಿಬ್ಬರೂ ಆ ಗುಟ್ಟನ್ನು ವರ್ಷಗಟ್ಟಲೆ ಬಹಳ ಜೋಪಾನವಾಗಿ ಕಾಪಾಡಿದೆವು.

ತೊಟ್ಟಿಯ ನೀರನ್ನು ಅಜ್ಜಿಯೇ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ ಕೊಡುತ್ತಿದ್ದಳು. ಮತ್ತೆ ಒಂದು ಜುಟ್ಟುಹುಳವೂ ಕಾಣಲಿಲ್ಲ. ಬಸುರಿಯ ಮರಿಗಳು ಉಳಿದವು, ಬೆಳೆದವು, ಅವೂ ಬಸುರಿಯರಾದವು. ಹಂಚಿ ಹಂಚಿ ಸಾಕಾಯಿತು. ನಾನು ಬಯಸಿದ್ದೆಲ್ಲ ಆಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಮಾತ್ರ ಅಜ್ಜಿ ಬರಿಗೈಯಲ್ಲಿ ತೊಟ್ಟಿಯ ಮುಂದೆ ಕೂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಏಳೆಂಟು ವರ್ಷ ಕಳೆದು ನನ್ನ ಮದುವೆ ನಿಶ್ಚಯವಾಯಿತು. ಹಾಸನದ ಹುಡುಗ. ಮನೆತುಂಬ ನೆಂಟರಿದ್ದ ಒಂದು ಮಧ್ಯಾಹ್ನ ಎಲ್ಲರಿಗೂ ಕಾಫಿ ಕೊಟ್ಟು ಹಿತ್ತಲಿಗೆ ಬಂದರೆ, ಅಜ್ಜಿ ಬಾವಿಕಟ್ಟೆಯ ಮೇಲೆ ಒಬ್ಬಳೇ ಕೂತು ಸೋಸುವ ಬಟ್ಟೆಯನ್ನು ತಂತಿಗೆ ಹರವುತ್ತಿದ್ದಳು. ಅಷ್ಟು ವರ್ಷ ಗಂಟಲಲ್ಲಿದ್ದದ್ದು ಅವತ್ತು ನಿಲ್ಲಲಿಲ್ಲ.

"ಅಜ್ಜಿ, ಅವತ್ತು ಕೊಣನೂರಲ್ಲಿ ನಾನು..."

"ಓಡಿಹೋದ್ವು ಅಂದೆ" ಎಂದಳು ಅಜ್ಜಿ.

ಬಟ್ಟೆಯ ಇನ್ನೊಂದು ತುದಿಯನ್ನು ತಂತಿಗೆ ಎಳೆದಳು.

"ಮೂರು ತಿಂಗಳು ದಿನಾ ನೋಡಿದೀನಿ ಕಣೇ ಅವನ್ನ. ಕೂತಲ್ಲೇ ಕೂತಿರೋವು. ಓಡೋವಲ್ಲ. ನೀನು ಓಡಿಹೋದ್ವು ಅಂದ್ ತಕ್ಷಣ ಗೊತ್ತಾಯ್ತು."

"ನನ್ನ ಸುಳ್ಳಿಗೇನಾ ಅಜ್ಜಿ ನೀನು ಕಾಫಿ ಬಿಟ್ಟಿದ್ದು?" ನನಗೆ ಅಳು ಬಂದುಬಿಟ್ಟಿತು.

"ಅಯ್ಯೋ, ನಿನ್ನ ಸುಳ್ಳಿಗೆ ನಾನ್ಯಾಕೆ ಕಾಫಿ ಬಿಡ್ಲೇ? ಚೊಂಬು ತಿಕ್ಕಿದ್ದು ನಾನು. ತಾಮ್ರದಲ್ಲಿ ಮಜ್ಜಿಗೆ ಇಡಬೇಡ, ಕಿಲುಬು ಹತ್ತತ್ತೆ ಅಂತ ನಿಮ್ಮಮ್ಮನಿಗೆ ಹೇಳ್ಕೊಟ್ಟೋಳೇ ನಾನು. ಮಜ್ಜಿಗೆಗೆ ಹತ್ತೋದು ಹುಳಕ್ಕೆ ಹತ್ತಲ್ವಾ? ಹೊಳಪು ನೋಡಿ ಮರೆತೆ. ಅರವತ್ತನಾಲ್ಕು ಜೀವ. ಅದು ನಂದು." ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ನೀವಿದಳು. "ಸುಳ್ಳು ನಿಂದು."

"ಹಾಗಾದ್ರೆ ನಾನೇನು ಬಿಡ್ಲಿ ಅಜ್ಜಿ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ನೀನೆಲ್ಲಿ ಬಿಡ್ತೀಯೇ, ತಿಂಡಿಪೋತಿ. ಎರಡು ದಿನ ಬಿಟ್ಟು ಮೂರನೇ ದಿನ ಕದ್ದು ತಿಂತೀಯ, ಆಮೇಲೆ ಅದಕ್ಕೊಂದು ಸುಳ್ಳು. ನೀನು ಬಿಡೋದೇನೂ ಬೇಡ. ಇದನ್ನ ಹಿಡ್ಕೋ." ತಂತಿಯ ಮೇಲಿನ ಒದ್ದೆ ಬಟ್ಟೆಯನ್ನು ಎಳೆದು ನನ್ನ ಕೈಗೆ ಹಾಕಿದಳು. "ಅವತ್ತು ಸೋಸ್ಲಿಲ್ವಲ್ಲ. ಇನ್ಮೇಲೆ ಸೋಸು."

ಆ ಬಟ್ಟೆ ಹರಿದು ಎಷ್ಟೋ ಕಾಲವಾಯಿತು. ಈಗಿನದು ಎಷ್ಟನೆಯದೋ ನಾನು ಲೆಕ್ಕವಿಟ್ಟಿಲ್ಲ. ಹಾಸನದ ಈ ಮನೆಗೆ ಹೇಮಾವತಿ ಹೊಳೆಯ ನೀರು ಎಲ್ಲೆಲ್ಲೋ ಮದ್ದು ಹಾಕಿಸಿಕೊಂಡು, ಕೊಳವೆಗಳಲ್ಲಿ ಸುತ್ತಿ ಬರುವಷ್ಟರಲ್ಲಿ ಅದರಲ್ಲಿ ಯಾವ ಜೀವ ಉಳಿದಿರುತ್ತದೆ? ಬಟ್ಟೆಯಲ್ಲಿ ಸಿಗುವುದು ತುಕ್ಕು, ಮರಳು ಅಷ್ಟೆ. ಆದರೂ ತಿರುವಿ ಜಾಲಿಸುತ್ತೇನೆ. ಆ ನೀರನ್ನು ಕೂಡಿಸಿಟ್ಟು, ಅದೇ ಹೊಳೆಯ ದಂಡೆಯ ಗೊರೂರಿನ ಕಡೆ ಯಾರಾದರೂ ಹೊರಟರೆ ಹೊಳೆಗೆ ಹಾಕಿ ಎಂದು ಕೊಡುತ್ತೇನೆ. ಅವರು ಹಾಕುತ್ತಾರೆಯೇ ಎಂದು ಕೇಳುವುದಿಲ್ಲ, ಹಾಕಿದೆವು ಎಂದರೆ ನಂಬುತ್ತೇನೆ.

ರಿಪೇರಿಯವನು ನಲ್ಲಿ ಸರಿಮಾಡಿ, ನನ್ನ ಕೈಯಿಂದ ಬಟ್ಟೆ ಇಸಿದುಕೊಂಡು ತಾನೇ ಕಟ್ಟಲು ಹೊರಟ. "ಮೊದ್ಲು ಜಾಲಿಸ್ಬೇಕು ಕಣಪ್ಪ, ತಡಿ" ಎಂದೆ. ಆತ ಸುತ್ತ ನೋಡಿ, ಶೋಕೇಸಿನಲ್ಲಿ ಅಪ್ಪನ ಅಂಗಡಿಯ ನೆನಪಿಗೆಂದು ಇಟ್ಟ, ಹಬ್ಬಕ್ಕೆ ತಿಕ್ಕಿ ಬೆಳಗಿದ್ದ ತಾಮ್ರದ ಚೊಂಬನ್ನು ಎತ್ತಿ ಕೊಟ್ಟ.

"ಅದು ಬೇಡಪ್ಪ" ಎಂದೆ. "ಆ ಸ್ಟೀಲಿಂದು ಕೊಡು."